ಹೂಂ ಪ್ರಶ್ನೆಗೊಂದು ವಡೆ

ಪೆನ್ನಿನ ಮುಚ್ಚಳ ತೆಗೆದ ತಕ್ಷಣ ಆ ವಾಸನೆ ಬಂತು. ಬರೀ ಸ್ಪಿರಿಟ್ಟಿನದಲ್ಲ, ಬರೀ ಇಂಕಿನದೂ ಅಲ್ಲ, ಎರಡೂ ಬೆರೆತು ಮೂಗಿನ ತುದಿಗೆ ತಣ್ಣಗೆ ತಾಗುವ ವಾಸನೆ. ಆಪರೇಷನ್ ಮಾಡುವ ಜಾಗ ತಪ್ಪದಿರಲೆಂದು ಚರ್ಮದ ಮೇಲೆ ಗುರುತು ಹಾಕುವ ನೇರಳೆ ಪೆನ್ನು ಅದು. ಕಳೆದ ತಿಂಗಳು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ಮಂಡಿ ಆಪರೇಷನ್ನಿಗೆಂದು ಮಲಗಿದ್ದೆ. ಬೇರೆಯವರನ್ನು ಆಪರೇಷನ್ ಟೇಬಲ್ಲಿಗೆ ಹತ್ತಿಸುವುದರಲ್ಲೇ ಆಯಸ್ಸು ಕಳೆದ ನರ್ಸು ನಾನು. ಈಗ ನಾನೇ ಹತ್ತುವ ಸರದಿ. ನನ್ನ ಮಗನ ವಯಸ್ಸಿನ ಸರ್ಜನ್ ಪೆನ್ನು ಹಿಡಿದು ಬಗ್ಗಿ, "ಎಡ ಮಂಡಿ ಅಲ್ವಾ ಅಮ್ಮ?" ಎಂದು ಕೇಳಿದರು.

"ಹೂಂ" ಅನ್ನುವುದು ನಾಲಿಗೆಯ ತುದಿಯವರೆಗೆ ಬಂದುಬಿಟ್ಟಿತ್ತು. ಆದರೆ ಆ ವಾಸನೆಯ ಜೊತೆಗೇ ಮದ್ದೂರಿನ ಒಂದು ದಪ್ಪ ದನಿ ಕಿವಿಯಲ್ಲಿ ಗದರಿದಂತಾಯಿತು. ಬಾಯಿ ಮುಚ್ಚಿಕೊಂಡೆ...

ಆ ದನಿಯ ಯಜಮಾನರು ಮದ್ದೂರಿನ ನರ್ಸಿಂಗ್ ಹೋಮಿನಲ್ಲಿ ನಮ್ಮ ಸರ್ಜನ್ ಆಗಿದ್ದವರು. ಹಲಗೂರು ಕಡೆಯ ರೈತರ ಮನೆಯವರು. ಗಿಡ್ಡ ಆಳು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಗಂಟಲು. ಎಷ್ಟು ಓದಿದ್ದರೂ ಮಾತು ಮಾತ್ರ ಗದ್ದೆ ಬದುವಿನದೇ. ಆಪರೇಷನ್ ಮಾಡುತ್ತಿರುವಾಗ ಕತ್ತರಿ ಹರಿತವಿಲ್ಲದಿದ್ದರೆ ಕತ್ತರಿಗೆ ಬೈಯುತ್ತಿದ್ದರು, ಲೈಟು ಸರಿಯಿಲ್ಲದಿದ್ದರೆ ಲೈಟಿಗೆ ಬೈಯುತ್ತಿದ್ದರು. ನಮಗೆ ಬೈದಿದ್ದು ಕಡಿಮೆ. ಕತ್ತರಿಗಳಿಗೆ ಕಿವಿಯಿದ್ದಿದ್ದರೆ ಒಂದೂ ನಮ್ಮಲ್ಲಿ ಉಳಿಯುತ್ತಿರಲಿಲ್ಲ.

ನಾನು ಕೆಲಸ ಕೇಳಿಕೊಂಡು ಹೋದ ದಿನ ಅವರು ಓದಿನ ವಿಷಯ ಕೇಳಲೇ ಇಲ್ಲ. "ಯಾವೂರಮ್ಮ?" ಅಂದರು. ಶಿವನಸಮುದ್ರ, ಅಪ್ಪ ಕರೆಂಟು ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದಾರೆ, ನಾವಿರುವುದು ಕ್ವಾರ್ಟರ್ಸಿನಲ್ಲಿ ಎಂದೆ. ಅಲ್ಲಿಗೆ ಅವರ ಮುಖ ಅರಳಿತು. ಲೈನು ರಿಪೇರಿಗೆ ಕಂಬ ಹತ್ತುವ ಮೊದಲು ಏನೇನು ಮಾಡುತ್ತಾರೆ ಎಂದು ಕುರ್ಚಿ ಮುಂದಕ್ಕೆಳೆದುಕೊಂಡು ಕೇಳತೊಡಗಿದರು. ನನಗೆ ಗೊತ್ತಿದ್ದುದು ಒಂದೇ ಸಂಗತಿ. ಫೋನಿನಲ್ಲಿ "ಲೈನ್ ಆಫಾ?" ಎಂದು ಕೇಳಿದಾಗ ಯಾರಾದರೂ ಬರೀ "ಹೂಂ" ಅಂದರೆ ನಮ್ಮಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾವ ಲೈನು, ಯಾರು ಆಫ್ ಮಾಡಿದ್ದು, ಬಾಯ್ತುಂಬ ಹೇಳು ಎಂದು ಕೂಗಾಡುತ್ತಿದ್ದರು. ಮನೆಯಲ್ಲಿ ನಾವು ಸಾರಿಗೆ ಉಪ್ಪು ಸಾಕಾ ಎಂದರೂ ಬರೀ ಹೂಂ ಅನ್ನುವಂತಿರಲಿಲ್ಲ.

ಸರ್ಜನ್ ಟೇಬಲ್ ತಟ್ಟಿ ನಕ್ಕರು. "ನಾಳೆಯಿಂದ ಬಂದ್ಬುಡಮ್ಮ," ಅಂದರು. ನನ್ನ ಸರ್ಟಿಫಿಕೇಟುಗಳು ಚೀಲದಲ್ಲೇ ಉಳಿದವು.

ಈ ಹೂಂ ಮೇಲೆ ಅವರಿಗೆ ಯಾಕಿಷ್ಟು ಗಮನ ಎಂಬುದು ಕೆಲಸಕ್ಕೆ ಸೇರಿದ ಮೇಲೆ ತಿಳಿಯುತ್ತಾ ಹೋಯಿತು. ನಮ್ಮ ಸೀಮೆಯ ಜನ ಬಾಯಿ ಸತ್ತವರಲ್ಲ. ಬಸ್ಸು ಸ್ವಲ್ಪ ತಡವಾದರೆ ಕಂಡಕ್ಟರಿನ ಜಾತಕವನ್ನೇ ಜಾಲಾಡುತ್ತಾರೆ. ತಾಲ್ಲೂಕು ಆಫೀಸಿನಲ್ಲಿ ಮೇಜು ಗುದ್ದುತ್ತಾರೆ. ನಾಲೆಗೆ ನೀರು ಬಿಡದಿದ್ದರೆ ಹೆದ್ದಾರಿಯಲ್ಲೇ ಅಡುಗೆ ಮಾಡಿಕೊಂಡು ಕೂರುತ್ತಾರೆ. ಅಂಥ ಜನ ಡಾಕ್ಟರ ಮುಂದೆ ಕೂತ ಕೂಡಲೇ ಹಸುವಿನ ಕರುವಾಗಿಬಿಡುತ್ತಾರೆ. ಹೊಟ್ಟೆ ನೋವಾ ಎಂದರೆ ಹೂಂ. ಎದೆ ನೋವಾ ಎಂದರೆ ಅದಕ್ಕೂ ಹೂಂ. ಮಾತ್ರೆ ನುಂಗಿದೆಯಾ, ಹೂಂ. ಮರೆತೆಯಾ, ಹೂಂ ಸಾಮಿ. ಸುಳ್ಳು ಹೇಳಬೇಕೆಂದಲ್ಲ, ಮರ್ಯಾದೆ. ಅಷ್ಟು ಓದಿದವರು ಬಾಯಿಬಿಟ್ಟು ಕೇಳುವಾಗ ಅಲ್ಲ ಅನ್ನುವುದು ಹೇಗೆ ಎಂಬ ಸಂಕೋಚ.

ಅದಕ್ಕೇ ನಮ್ಮ ಆಪರೇಷನ್ ಥಿಯೇಟರಿನಲ್ಲಿ ಒಂದು ಕಟ್ಟುಪಾಡಿತ್ತು. ಹೂಂ ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನು ರೋಗಿಗೆ ಕೇಳುವಂತಿಲ್ಲ. "ನೀವು ನಿಂಗಮ್ಮ ತಾನೇ?" ಅನ್ನಬಾರದು, "ನಿಮ್ಮ ಹೆಸರೇನಮ್ಮ?" ಅನ್ನಬೇಕು. "ಬಲಗಡೆ ಅಲ್ವಾ?" ಅನ್ನಬಾರದು, "ಎಲ್ಲಿ, ಕೈಯಿಟ್ಟು ತೋರಿಸು" ಅನ್ನಬೇಕು. ತಪ್ಪಿ ಕೇಳಿದ್ದಕ್ಕೆ ಹೂಂ ಪ್ರಶ್ನೆ ಎಂದು ಹೆಸರು. ಹಾಗೆಯೇ ಆಪರೇಷನ್ನಿನ ಹಿಂದಿನ ಸಂಜೆ ಸರ್ಜನ್ ತಾವೇ ವಾರ್ಡಿಗೆ ಬಂದು, ನೇರಳೆ ಪೆನ್ನನ್ನು ರೋಗಿಯ ಕೈಗೇ ಕೊಟ್ಟು, ನೋವಿರುವ ಕಡೆ ಒಂದು ಗುರುತು ಹಾಕಿಸುತ್ತಿದ್ದರು. ಬರೆಯಲು ಬಾರದ ಅಜ್ಜಿಯರು ಪೆನ್ನನ್ನು ಸೌಟು ಹಿಡಿದಂತೆ ಹಿಡಿದು ಸೊನ್ನೆ ಸುತ್ತುತ್ತಿದ್ದರು. ಕೆಲವರು ರಂಗೋಲಿಯ ಎಳೆಯನ್ನೇ ಎಳೆದುಬಿಡುತ್ತಿದ್ದರು. ಇದರಿಂದ ಸರ್ಜನ್ನರಿಗೆ ಹಚ್ಚೆ ಡಾಕ್ಟ್ರು ಎಂದೇ ಹೆಸರಾಯಿತು. ಮನೆಗೆ ಹೋದ ಮೇಲೂ ಬಣ್ಣ ಸುಮಾರು ದಿನ ಉಳಿಯುತ್ತಿತ್ತಲ್ಲ, ಊರವರು ಅದೇ ಔಷಧಿ ಅಂದುಕೊಂಡರು. ಹಲಗೂರಿನಿಂದ ಒಬ್ಬ ಬಂದವನು ಅಂಗಿ ಎತ್ತಿ ಬೆನ್ನು ತಿರುಗಿಸಿ ನಿಂತು, "ಕುಯ್ಯೋದೇನ್ ಬ್ಯಾಡಿ ಸಾಮಿ, ಒಂದು ಹಚ್ಚೆ ಆಕ್ಬುಡಿ, ವಾಸಿಯಾಯ್ತದಂತೆ," ಅಂದ. ಸರ್ಜನ್ ನಗು ತಡೆದುಕೊಂಡು ಅವನ ಬೆನ್ನು ನೋಡಿ ಮಾತ್ರೆ ಬರೆದುಕೊಟ್ಟರು. ಅವನು ಹೋಗುವಾಗ ಬೇಸರ ಮಾಡಿಕೊಂಡೇ ಹೋದ.

ಕಟ್ಟುಪಾಡು ಮುರಿದವರನ್ನು ಹಿಡಿದುಕೊಟ್ಟರೆ ವಡೆ. ಸರ್ಜನ್ನರೇ ಮುರಿದರೂ ಸರಿ, ಮುರಿದದ್ದನ್ನು ಆಗಲೇ ಎತ್ತಿ ಆಡಿದವರಿಗೆ ಸಂಜೆ ಮದ್ದೂರು ಸ್ಟೇಷನ್ ಹತ್ತಿರದ ಅಂಗಡಿಯಿಂದ ಬಿಸಿ ವಡೆ, ಸರ್ಜನ್ನರ ಲೆಕ್ಕದಲ್ಲಿ, ಸರ್ಜನ್ನರ ಕೈಯಿಂದಲೇ. ಹೂಂ ಪ್ರಶ್ನೆಗೆ ಮಾತ್ರವಲ್ಲ. ಗುರುತು ಕಾಣಿಸುತ್ತಿಲ್ಲ, ರಕ್ತ ಒರೆಸುವ ಬಟ್ಟೆಯ ಲೆಕ್ಕ ತಾಳೆಯಾಗುತ್ತಿಲ್ಲ, ಯಾವುದೋ ಔಷಧಿಯ ಬಣ್ಣ ಬೇರೆಯಿದೆ, ಏನೇ ಅನುಮಾನ ಬಂದರೂ "ನಿಲ್ಲಿ ಸರ್" ಅನ್ನಬಹುದಿತ್ತು. ಅವರು ಅಲ್ಲೇ ಕೈ ಎತ್ತಿಬಿಡುತ್ತಿದ್ದರು. ನಮ್ಮ ಅರಿವಳಿಕೆ ಡಾಕ್ಟರಿಗೆ ವಡೆಯ ಮೇಲೆ ಪ್ರಾಣ. ಸಂಜೆ ಹಸಿವಾಗುವ ಲಕ್ಷಣ ಕಂಡರೆ ಸಾಕು, ಲೈಟು ಓರೆಯಾಗಿದೆ ಎಂದೂ ನಿಲ್ಲಿಸುತ್ತಿದ್ದರು. ಇದು ಅನ್ಯಾಯ ಸರ್, ಇಂಥದ್ದಕ್ಕೂ ವಡೆಯೇ ಎಂದು ನಾನು ಸರ್ಜನ್ನರ ಹತ್ತಿರ ಜಗಳ ತೆಗೆದೆ.

"ಸುಳ್ ಸುಳ್ಳೇ ನಿಲ್ಲಿ ಅಂದ್ರೂ ಕೊಡ್ಬೇಕು ಕಣಮ್ಮ," ಅಂದರು. "ಇಲ್ದಿದ್ರೆ ನಿಜುದ್ದು ಬಾಯಿಂದ ಆಚ್ಗೇ ಬರಾಕಿಲ್ಲ."

ಇಷ್ಟೆಲ್ಲ ಯಾಕೆ ಎಂದು ಅವರು ಹೇಳಿದ್ದು ಒಂದೇ ಸಲ. ವಾರಕ್ಕೊಮ್ಮೆ ಮಳವಳ್ಳಿಯ ಇನ್ನೊಂದು ಆಸ್ಪತ್ರೆಗೆ ಅವರ ಕಾರಿನಲ್ಲಿ ಹೋಗುತ್ತಿದ್ದೆವು. ಪ್ರತಿ ಸಂಕ್ರಾಂತಿಗೂ ಅವರಿಗೊಂದು ಚೀಲ ಅಚ್ಚು ಬೆಲ್ಲ ಬರುತ್ತಿತ್ತು. ಕಳುಹಿಸುವವನು ಮಳವಳ್ಳಿ ಕಡೆಯ ಒಬ್ಬ ರೈತ. ಅವರು ಅದರಲ್ಲಿ ಒಂದು ಚೂರೂ ಬಾಯಿಗೆ ಹಾಕದೆ ಅಷ್ಟನ್ನೂ ನಮಗೆ ಹಂಚಿಬಿಡುತ್ತಿದ್ದರು. ಸಕ್ಕರೆ ಕಾಯಿಲೆಯೇನೋ ಅಂದುಕೊಂಡಿದ್ದೆ. ಆ ವರ್ಷ ಚೀಲ ಕಾರಿನ ಹಿಂದಿನ ಸೀಟಿನಲ್ಲಿತ್ತು. ಕಾರಿನ ತುಂಬ ಹೊಸ ಬೆಲ್ಲದ ವಾಸನೆ. ಯಾಕೆ ಸರ್ ತಿನ್ನಲ್ಲ ಎಂದು ಕೇಳಿಯೇಬಿಟ್ಟೆ.

ಅವರು ಕಾರಿನ ವೇಗ ತಗ್ಗಿಸಿದರು. ಆಮೇಲೆ ಹೇಳಿದರು. ಅವರಿನ್ನೂ ಹೊಸ ಸರ್ಜನ್ ಆಗಿದ್ದಾಗ ಆ ರೈತನಿಗೆ ಹರ್ನಿಯಾ, ಅಂದರೆ ತೊಡೆಸಂದಿನಲ್ಲಿ ಕರುಳು ಉಬ್ಬಿಕೊಂಡು ಬರುವ ತೊಂದರೆ. ನಿಂತಾಗ ಉಬ್ಬು ಕಾಣುತ್ತದೆ, ಮಲಗಿದರೆ ಒಳಕ್ಕೆ ಹೋಗಿಬಿಡುತ್ತದೆ. ಟೇಬಲ್ ಮೇಲೆ ಮಲಗಿದವನನ್ನು "ಎಡಗಡೆ ತಾನೇ?" ಎಂದು ಕೇಳಿದರು. ಅವನು ಹೂಂ ಅಂದ. ಎಡಗಡೆ ಕೊಯ್ದು ನೋಡಿದರೆ ಅಲ್ಲಿ ಏನೂ ಇಲ್ಲ, ಇದ್ದದ್ದು ಬಲಗಡೆ. ಹೊಲಿಗೆ ಹಾಕಿ ಮತ್ತೆ ಬಲಗಡೆ ಮಾಡಿದರು. ಮಾರನೆಯ ದಿನ ತಪ್ಪು ಒಪ್ಪಿಕೊಳ್ಳಲು ಹೋದರೆ ಆತ ಇವರ ಮಾತನ್ನೇ ಕೇಳಿಸಿಕೊಳ್ಳಲಿಲ್ಲ. ಎರಡು ಕಡೆಗೂ ಮಾಡಿದ ಪುಣ್ಯಾತ್ಮ ಎಂದು ಕೈ ಮುಗಿದ. ಆವತ್ತಿನಿಂದ ಬೆಲ್ಲ ಬರುತ್ತಿದೆ.

"ಅವ್ನು ಬಂದು ಬಯ್ದಿದ್ರೆ ತಿಂತಿದ್ದೆ ಕಣಮ್ಮ," ಅಂದರು. ಅಷ್ಟು ಹೇಳಿ ಕಿಟಕಿಯ ಗಾಜು ಇಳಿಸಿದರು. ನಾನು ಆ ಸಲದ ನನ್ನ ಪಾಲಿನ ಬೆಲ್ಲವನ್ನು ಮನೆಗೆ ಒಯ್ದೆನೋ ಇಲ್ಲವೋ, ಈಗ ನೆನಪಿಲ್ಲ...

ಹೀಗಿರುವಾಗ ಮಾನ್ಯತೆಯ ಗಲಾಟೆ ಶುರುವಾಯಿತು. ಹೊರಗಿನವರು ಬಂದು ಆಸ್ಪತ್ರೆಯ ಮೂಲೆಮೂಲೆ ತಪಾಸಣೆ ಮಾಡಿ, ಇಲ್ಲಿ ರೋಗಿಗಳು ಸುರಕ್ಷಿತ ಎಂದು ಸರ್ಟಿಫಿಕೇಟ್ ಕೊಡುವ ಏರ್ಪಾಡು ಅದು. ನಮ್ಮ ನರ್ಸಿಂಗ್ ಹೋಮಿನ ಯಜಮಾನರು ಮೂಲತಃ ಅಕ್ಕಿ ಗಿರಣಿಯವರು. ಸರ್ಟಿಫಿಕೇಟ್ ಬಂದರೆ ಸರಿ, ಬರದಿದ್ದರೆ ಆಪರೇಷನ್ ಥಿಯೇಟರ್ ಮುಚ್ಚಿ ಬರೀ ರಕ್ತ ಪರೀಕ್ಷೆಯ ಲ್ಯಾಬ್ ಇಡುವುದು ಎಂದು ಅವರು ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿಬಿಟ್ಟರು. ಥಿಯೇಟರ್ ಮುಚ್ಚಿದರೆ ನಮಗೆ ಕೆಲಸವಿಲ್ಲ. ಚಿಕ್ಕರಸಿನಕೆರೆಯಿಂದಲೋ ಹಲಗೂರಿನಿಂದಲೋ ಬರುವವರು ಒಂದು ಹರ್ನಿಯಾಕ್ಕೂ ಇನ್ನೊಂದು ಬಸ್ಸು ಹತ್ತಿ ದೂರದ ಊರಿಗೆ ಹೋಗಬೇಕು. ಸರ್ಜನ್ ಮುಖ ಆವತ್ತು ನೋಡಬೇಕಿತ್ತು. ಅವರು ತಮ್ಮ ಪ್ರಾಯವನ್ನೆಲ್ಲ ಹಾಕಿ ಕಟ್ಟಿದ ಥಿಯೇಟರ್ ಅದು.

ಯಜಮಾನರು ಗೋಡೆಗೆಲ್ಲ ಹೊಸ ಬಣ್ಣ ಹೊಡೆಸಿದರು. ಬಾಗಿಲಿಗೆರಡು ಕುಂಡ ಇಡಿಸಿದರು. ರೋಗಿಯ ಹಕ್ಕುಗಳು ಎಂಬ ದೊಡ್ಡ ಬೋರ್ಡು ಬರೆಸಿ, ಓದಲು ಕತ್ತು ನೋಯುವಷ್ಟು ಎತ್ತರದಲ್ಲಿ ನೇತುಹಾಕಿದರು.

"ಬಣ್ಣ ಬಳ್ದ್ರೆ ಗ್ವಾಡೆ ವಾಸಿಯಾಯ್ತದೆ ಕಣ್ರೀ, ಪೇಷೆಂಟಲ್ಲ," ಎಂದು ಸರ್ಜನ್ ರೇಗಿದರು. ಯಜಮಾನರಿಗೆ ನಾಟಲಿಲ್ಲ. ಕುಂಡದ ಗಿಡಕ್ಕೆ ನೀರು ಹಾಕಿಸುವುದರಲ್ಲೇ ಇದ್ದರು. ಆದರೆ ತಪಾಸಣೆಯ ಭಯಕ್ಕೆ ಒಂದು ಒಳ್ಳೆಯದೂ ಆಯಿತು. ಪ್ರತಿ ರೋಗಿಯ ಮುಂಗೈಗೂ ಹೆಸರು ಬರೆದ ಪ್ಲಾಸ್ಟಿಕ್ ಪಟ್ಟಿ ಕಟ್ಟುವ ಪದ್ಧತಿ ಬಂತು. ನೋವಾಗದಿರಲಿ ಎಂದು ವಾರ್ಡಿನವರು ಅದನ್ನು ಬಳೆಯಂತೆ ಸಡಿಲವಾಗಿ ಕಟ್ಟುತ್ತಿದ್ದರು.

ತಪಾಸಣೆಯವರು ಬಂದದ್ದು ಸೋಮವಾರ ಬೆಳಿಗ್ಗೆ. ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರೂ ಡಾಕ್ಟರುಗಳೇ. ಹಸಿರು ಬಟ್ಟೆ ತೊಟ್ಟು ಥಿಯೇಟರಿನ ಮೂಲೆಯಲ್ಲಿ ಮಾತಿಲ್ಲದೆ ನಿಂತರು. ಆ ದಿನ ಚಿಕ್ಕರಸಿನಕೆರೆ ಕಡೆಯ ಅಣ್ಣ ತಮ್ಮ ಇಬ್ಬರಿಗೂ ಹರ್ನಿಯಾ ಆಪರೇಷನ್ ಇತ್ತು. ಇಬ್ಬರೂ ಕಬ್ಬಿನ ಹೊರೆ ಎತ್ತಿ ಎತ್ತಿ ತಂದುಕೊಂಡದ್ದು. ಅಣ್ಣನಿಗೆ ಎಡಗಡೆ, ಜೊತೆಗೆ ಸಕ್ಕರೆ ಕಾಯಿಲೆ. ಹಸಿದಿರಬಾರದೆಂದು ಅವನಿಗೇ ಮೊದಲ ಸರದಿ. ತಮ್ಮನಿಗೆ ಬಲಗಡೆ, ಅವನದು ಆಮೇಲೆ. ಇಬ್ಬರೂ ಒಂದೇ ಅಚ್ಚು. ಅದೇ ಮೂಗು, ಅದೇ ಬೋಳು ತಲೆ. ಮೇಲೆ ಥಿಯೇಟರಿನ ಟೋಪಿ ಹಾಕಿದರೆ ಹೆತ್ತ ತಾಯಿಯೂ ಒಂದು ಗಳಿಗೆ ಯೋಚಿಸಬೇಕಿತ್ತು.

ಅಣ್ಣ ಎಂದು ಒಳಗೆ ಬಂದವನನ್ನು ಟೇಬಲ್ ಮೇಲೆ ಮಲಗಿಸಿದೆವು. ಕೈಯ ಪಟ್ಟಿಯಲ್ಲಿ ಅಣ್ಣನ ಹೆಸರು, ಫೈಲಿನಲ್ಲಿ ಎಡಗಡೆ. ಮಲಗಿದ್ದರಿಂದ ಉಬ್ಬು ಯಾವ ಕಡೆಯೂ ಕಾಣುತ್ತಿರಲಿಲ್ಲ. ನೇರಳೆ ಗುರುತೂ ಇರಲಿಲ್ಲ. ಅರಿವಳಿಕೆ ಡಾಕ್ಟರು ಬೆನ್ನಿಗೆ ಕೊಡುವ ಇಂಜೆಕ್ಷನ್ ಸಿದ್ಧ ಮಾಡಿಕೊಂಡಿದ್ದರು. ಸರ್ಜನ್ ಕೈ ಒರೆಸಿಕೊಂಡು ಒಳಗೆ ಬಂದರು. ಯಾವತ್ತೂ ಕತ್ತರಿಗೆ ಬೈಯುತ್ತಾ ಬರುವವರು ಆವತ್ತು ಸಪ್ಪಗಿದ್ದರು. ಮೂಲೆಯಲ್ಲಿ ನಿಂತ ಇಬ್ಬರ ಕಡೆ ಒಮ್ಮೆ ನೋಡಿದರು. ಗಂಟಲು ಸರಿಮಾಡಿಕೊಂಡು, ಎಂದೂ ಇಲ್ಲದ ಪೇಟೆಯ ಭಾಷೆಯಲ್ಲಿ ರೋಗಿಯನ್ನು ಕೇಳಿದರು.

"ಗೌಡ್ರೇ, ನಿಮಗೆ ಎಡಗಡೆ ಅಲ್ಲವೇ?"

"ಹೂಂ ಸಾಮಿ."

ಅರಿವಳಿಕೆ ಡಾಕ್ಟರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ವಡೆಗಾಗಿ ಲೈಟಿಗೂ ನಿಲ್ಲಿಸುವ ಮನುಷ್ಯ ಆವತ್ತು ನೆಲ ನೋಡತೊಡಗಿದರು. ಬೇರೆ ದಿನವಾಗಿದ್ದರೆ ನಗುತ್ತಾ ಹೇಳಿಬಿಡುತ್ತಿದ್ದೆ. ಇವತ್ತು ಹೊರಗಿನವರ ಎದುರು ನಮ್ಮ ಸರ್ಜನ್ನರ ತಪ್ಪನ್ನು ನಾನೇ ಎತ್ತಿ ತೋರಿಸಿದರೆ ಸರ್ಟಿಫಿಕೇಟಿನ ಗತಿಯೇನು, ಥಿಯೇಟರಿನ ಗತಿಯೇನು? ಹೇಳದಿದ್ದರೆ... ಫೈಲು ಸರಿಯಾಗಿಯೇ ಇರಬಹುದಲ್ಲ, ಪಟ್ಟಿಯೂ ಇದೆಯಲ್ಲ ಎಂದು ಮನಸ್ಸು ಸಮಾಧಾನ ಹುಡುಕುತ್ತಿತ್ತು. ಆಗ ನೆನಪಾದದ್ದು ಬೆಲ್ಲದ ಚೀಲ.

"ನಿಲ್ಲಿ ಸರ್," ಅಂದೆ. "ಅದು ಹೂಂ ಪ್ರಶ್ನೆ."

ಸರ್ಜನ್ ತಿರುಗಿ ನೋಡಿದರು. ಮಾಸ್ಕಿನ ಮೇಲೆ ಕಾಣುತ್ತಿದ್ದುದು ಕಣ್ಣು ಮಾತ್ರ. ಬೈಯುತ್ತಾರೇನೋ ಅನ್ನಿಸಿತು. ಅವರು ಎರಡೂ ಕೈ ಮೇಲೆತ್ತಿದರು. ಅರಿವಳಿಕೆ ಡಾಕ್ಟರಿಗೆ ಸೂಜಿ ಕೆಳಗಿಡಲು ಹೇಳಿದರು. ಪೇಟೆಯ ಭಾಷೆ ಎಲ್ಲಿ ಹೋಯಿತೋ, ರೋಗಿಯ ಹತ್ತಿರ ಬಗ್ಗಿ ಹಳೆಯ ಗಂಟಲಿನಲ್ಲಿ ಕೇಳಿದರು.

"ಏನಪ್ಪಾ, ಎಲ್ಲಿ ಉಬ್ತದೆ? ನಿನ್ ಕೈಯಲ್ಲೇ ಮುಟ್ಟಿ ತೋರ್ಸು."

ಆತ ಬಲಗಡೆ ಕೈಯಿಟ್ಟ.

ಸರ್ಜನ್ ತಕ್ಷಣ, ಹೆಸರೇನು ಎಂದರು. ಆತ ಮೇಲಿನ ಲೈಟು ನೋಡುತ್ತಾ, "ಕೈಗೆ ಕಟ್ಟವ್ರಲ್ಲ ಸಾಮಿ, ನೋಡ್ಕಳಿ," ಅಂದ. ಅದು ಬ್ಯಾಡ, ನಿನ್ ಬಾಯಲ್ಲೇ ಹೇಳು ಎಂದು ಸರ್ಜನ್ ಬಿಡಲಿಲ್ಲ. ಕೊನೆಗೆ ಆತ ಎದ್ದು ಕೂತು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಪಂಚಾಯ್ತಿಯಲ್ಲಿ ನಿಂತವನಂತೆ ಒಪ್ಪಿಸಿದ.

"ನಾನು ತಮ್ಮ ಕಣ್ ಸಾಮಿ. ಸೋಮಾರ ಬೆಳಿಗ್ಗೆ ರಾವುಕಾಲ. ನಮ್ಮಣ್ಣುಂದು ಅದೇ ಒತ್ಗೆ ಸರದಿ ಬಂತು. ಅವನ್ಗೆ ಅದೆಲ್ಲಾ ಬಾಳ ನಂಬ್ಕೆ. ನಂಗೆ ರಾವೂ ಇಲ್ಲ ಕೇತೂ ಇಲ್ಲ, ನಾನ್ ಮುಂಚೆ ಓಯ್ತೀನಿ ಬುಡು ಅಂದೆ. ಪ್ಯಾಕ್ಟ್ರಿ ಕಬ್ಬಿನ್ ಪರ್ಮಿಟ್ಟು ನಾವು ಯಾವಾಗ್ಲೂ ಇಂಗೇ ಅದ್ಲು ಬದ್ಲು ಮಾಡ್ಕತೀವಿ. ಇದೂ ಅಂಗೇ ಅನ್ಕಂಡೋ."

ಕೈಯ ಪಟ್ಟಿಯನ್ನು ಅವರು, ಕಬ್ಬು ತರಲು ಸಕ್ಕರೆ ಕಾರ್ಖಾನೆ ಕೊಡುವಂಥ ಸರದಿಯ ಚೀಟಿ ಅಂದುಕೊಂಡಿದ್ದರು. ಹೆಂಡತಿಯರಿಬ್ಬರೂ ಅಕ್ಕ ತಂಗಿ. ಬಚ್ಚಲಿನಲ್ಲಿ ಗಂಡಂದಿರ ಮುಂಗೈಗೆ ಸೋಪು ಸವರಿ, ಬಳೆ ಕಳಚಿದಂತೆ ಪಟ್ಟಿ ಕಳಚಿ ಅದಲು ಬದಲು ಮಾಡಿದ್ದರು. ಆಪರೇಷನ್ನಿಗೆ ಶುದ್ಧವಾಗಿ ಹೋಗಲಿ ಎಂದು ಸ್ನಾನ ಮಾಡಿಸುವಾಗ ಹಚ್ಚೆಯನ್ನೂ ಉಜ್ಜಿ ಉಜ್ಜಿ ತೊಳೆದುಹಾಕಿದ್ದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಅಣ್ಣನ ಮೇಲಿನ ಪ್ರೀತಿಗೆ ತಮ್ಮ ಇನ್ನೇನು ಬೇರೆ ಕಡೆ ಕೊಯ್ಯಿಸಿಕೊಳ್ಳುವುದರಲ್ಲಿದ್ದ.

"ಎಡಗಡೆ ಅಂದಾಗ ಯಾಕ್ಲಾ ಹೂಂ ಅಂದೆ?" ಎಂದು ಸರ್ಜನ್ ಕೇಳಿದರು.

"ದೊಡ್ಡೋರು ನೀವು ಕೇಳ್ದಾಗ ಅಲ್ಲ ಅನ್ನಕಾಯ್ತದಾ ಸಾಮಿ?" ಅಂದ ಅವನು.

ಮೂಲೆಯಿಂದ ಒಂದು ಸದ್ದು ಬಂತು. ತಪಾಸಣೆಗೆ ಬಂದ ಹೆಂಗಸು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ್ದರು. ಸರ್ಜನ್ ನಗಲಿಲ್ಲ. ನೇರ ಅವರ ಬಳಿ ಹೋಗಿ, ಈಗ ಕೇಳಿದ ಪ್ರಶ್ನೆ ನನ್ನದೇ ತಪ್ಪು, ಗುರುತು ಇಲ್ಲದ್ದು ನೋಡಿದ ಕೂಡಲೇ ನಾನೇ ನಿಲ್ಲಿಸಬೇಕಿತ್ತು, ಪಟ್ಟಿ ಸಡಿಲ ಕಟ್ಟುವುದು ನಮ್ಮ ಆಸ್ಪತ್ರೆಯ ತಪ್ಪು, ಹೀಗೆಯೇ ಬರೆದುಕೊಳ್ಳಿ ಎಂದು ಬಿಡಿಸಿ ಹೇಳಿದರು. ಹೊರಗೆ ಬಾಗಿಲ ಗಾಜಿನಲ್ಲಿ ಇಣುಕುತ್ತಿದ್ದ ಯಜಮಾನರು ತಲೆ ಮೇಲೆ ಕೈ ಹೊತ್ತು ಕುಂಡದ ಪಕ್ಕ ಕೂತರಂತೆ. ಆಮೇಲೆ ಸರ್ಜನ್ ನನ್ನ ಕಡೆ ತಿರುಗಿದರು.

"ಸಿಸ್ಟ್ರಮ್ಮನ್ಗೆ ವಡೆ," ಅಂದರು, ಮೂಲೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.

ಆ ದಿನ ಇಬ್ಬರಿಗೂ ಆಪರೇಷನ್ ಆಯಿತು, ಅವರವರ ಹೆಸರಿನಲ್ಲಿ, ಅವರವರ ಕಡೆಗೆ. ಅಣ್ಣನನ್ನು ರಾಹುಕಾಲ ಕಳೆದ ಮೇಲೆಯೇ ಕರೆದುಕೊಂಡೆವು. ಸಕ್ಕರೆಯ ಕಡೆ ಕಣ್ಣಿಟ್ಟು ಸರದಿಯನ್ನು ಒಂದಿಷ್ಟು ಹಿಂದಕ್ಕೆ ಹಾಕಿಕೊಂಡರೆ ಯಾರ ಗಂಟೂ ಹೋಗುವುದಿಲ್ಲ ಎಂದು ಸರ್ಜನ್ನರೇ ಹೇಳಿದರು. ಸಂಜೆ ಅವರು ವಡೆಯ ಪೊಟ್ಟಣ ಹಿಡಿದು ಬಂದಾಗ ಎಣ್ಣೆ ಕಾಗದದ ಆಚೆಗೂ ಹರಡಿತ್ತು. ಅಷ್ಟು ರುಚಿಯ ವಡೆಯನ್ನು ನಾನು ಮತ್ತೆ ತಿಂದಿಲ್ಲ. ಅರಿವಳಿಕೆ ಡಾಕ್ಟರು ಅರ್ಧ ಮುರಿದುಕೊಳ್ಳಲು ಕೈ ಚಾಚಿದರು, ಕೊಡಲಿಲ್ಲ.

ಸರ್ಟಿಫಿಕೇಟ್ ಆ ಸಲ ಬರಲಿಲ್ಲ. ಪಟ್ಟಿಯದು, ಗುರುತಿನದು, ಇನ್ನೂ ಏನೇನೋ ಸರಿಪಡಿಸಿ ಮತ್ತೆ ಕರೆಯಿರಿ ಎಂದು ಬರೆದು ಕಳಿಸಿದರು. ಯಜಮಾನರು ಥಿಯೇಟರ್ ಮುಚ್ಚುವ ಮಾತೆತ್ತಿದಾಗ ಸರ್ಜನ್ ಆ ಅಣ್ಣ ತಮ್ಮಂದಿರನ್ನು ಕರೆದುಕೊಂಡು ಬಂದು ಅವರ ಮುಂದೆ ಕೂರಿಸಿದರು. ಏನು ಮಾತಾಡಿಕೊಂಡರೋ ಕಾಣೆ. ಯಜಮಾನರು ಇನ್ನೊಂದು ಅವಕಾಶ ಕೊಟ್ಟರು. ಹೊಲಿಗೆ ವಾಸಿಯಾದ ಮೇಲೆ ಆ ಇಬ್ಬರೂ ವಾರ್ಡಿಗೆ ಬಂದು ಬೇರೆ ರೋಗಿಗಳಿಗೆ, ಈ ಪಟ್ಟಿ ಕಬ್ಬಿನ ಪರ್ಮಿಟ್ಟಲ್ಲ ಕಣ್ರಪ್ಪ ಎಂದು ತಾವಾಗಿಯೇ ಹೇಳಿಹೋಗುತ್ತಿದ್ದರು. ಎರಡನೆಯ ಸಲ ತಪಾಸಣೆಯವರು ಬಂದಾಗ ಪಟ್ಟಿಗಳು ಸೋಪಿಗೂ ಜಗ್ಗದಂತಿದ್ದವು. ಸರ್ಟಿಫಿಕೇಟ್ ಬಂತು. ಅದನ್ನು ಗೋಡೆಗೆ ಹಾಕಿದ ದಿನ ಸರ್ಜನ್ ಬಹಳ ಖುಷಿಯಲ್ಲಿ ಹೊಸ ಕಟ್ಟುಪಾಡೊಂದನ್ನು ತಂದರು. ಇನ್ನು ಮೇಲೆ ಪ್ರತಿ ರೋಗಿಗೂ "ನೀನು ಯಾರ ಬದ್ಲೂ ಬಂದಿಲ್ಲ ತಾನೇ?" ಎಂದು ಕೇಳಬೇಕಂತೆ.

"ಸರ್, ಅದೂ ಹೂಂ ಪ್ರಶ್ನೆ," ಅಂದೆ. ಆವತ್ತೂ ನನಗೆ ವಡೆ.

ಈಗ ಆ ನರ್ಸಿಂಗ್ ಹೋಮ್ ಇಲ್ಲ. ಯಜಮಾನರು ಹೋದ ಮೇಲೆ ಮಕ್ಕಳು ಕಟ್ಟಡ ಮಾರಿದರು. ಅಲ್ಲೀಗ ಟೈಲ್ಸ್ ಅಂಗಡಿ. ಸರ್ಜನ್ ಅದಕ್ಕೂ ಮೊದಲೇ ಕೆಲಸ ಬಿಟ್ಟು ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದರು. ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ಹೊಟ್ಟೆಯೆಲ್ಲ ಕರಗಿ ಹಾಸಿಗೆಯ ತುಂಬ ಬರೀ ಹೊದಿಕೆಯೇ ಕಾಣುತ್ತಿತ್ತು. ಆ ಗಂಟಲು ಎಲ್ಲಿ ಹೋಗಿತ್ತೋ... ಊಟ ಮಾಡಿದ್ರಾ ಸರ್ ಎಂದೆ. ಹೂಂ ಅಂದರು. ನಿದ್ದೆ ಬರುತ್ತಾ, ಹೂಂ. ನೋವಿದೆಯಾ, ಹೂಂ. ಈಗ ಕಡಿಮೆನಾ, ಅದಕ್ಕೂ ಹೂಂ. ಅವರ ಮುಂಗೈಯಲ್ಲಿ ಹೆಸರಿನ ಪಟ್ಟಿಯಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಹೊಳೆದದ್ದು. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡೆ.

"ಸರ್, ಎಲ್ಲಿ ನೋವು? ನೀವೇ ಕೈಯಿಟ್ಟು ತೋರ್ಸಿ," ಅಂದೆ.

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ತುಟಿಯ ಒಂದು ಪಕ್ಕದಲ್ಲಿ ಆ ಹಳೆಯ ನಗು ಬಂತು. ಕೈಯನ್ನು ನಿಧಾನವಾಗಿ ಎತ್ತಿ, ಬಲಪಕ್ಕೆಯ ಕೆಳಗೆ ಇಟ್ಟರು. ನಾನು ಹೋಗಿ ಅಲ್ಲಿನ ಡಾಕ್ಟರಿಗೆ ಹೇಳಿ, ನೋವಿನ ಇಂಜೆಕ್ಷನ್ ಕೊಡಿಸಿ ಬಂದೆ. ಹೊರಡುವಾಗ ಏನೋ ಹೇಳಿದರು. ಕಿವಿಯನ್ನು ಬಾಯಿಯ ಹತ್ತಿರ ಇಟ್ಟೆ.

"ನಿಂಗೊಂದು ವಡೆ ಬಾಕಿ ಕಣಮ್ಮ."

ಆ ವಡೆ ಬಾಕಿಯೇ ಉಳಿಯಿತು. ಹಲಗೂರಿನ ಹತ್ತಿರದ ಅವರ ಹೊಲದಲ್ಲೇ ಅವರನ್ನು ಮಣ್ಣು ಮಾಡಿದರು. ಬಂದವರಲ್ಲಿ ಎಷ್ಟು ಜನರ ಮೈಮೇಲೆ ಎಂದೋ ಆ ನೇರಳೆ ಗುರುತು ಇದ್ದಿತ್ತೋ, ಯಾರಿಗೆ ಗೊತ್ತು...

ಮಂಡ್ಯದ ಆಸ್ಪತ್ರೆಯಲ್ಲಿ ಆ ಹುಡುಗ ಸರ್ಜನ್ ಇನ್ನೂ ಪೆನ್ನು ಹಿಡಿದುಕೊಂಡೇ ನಿಂತಿದ್ದರು. ಮುದುಕಿಗೆ ಕಿವಿ ಮಂದ ಅಂದುಕೊಂಡಿರಬೇಕು, "ಎಡ ಮಂಡಿ ಅಲ್ವಾ ಅಮ್ಮ?" ಎಂದು ಇನ್ನೊಮ್ಮೆ ಜೋರಾಗಿ ಕೇಳಿದರು.

"ಅದು ಹೂಂ ಪ್ರಶ್ನೆ ಕಣಪ್ಪ," ಅಂದೆ. "ಯಾವ ಮಂಡಿ, ಏನು ಮಾಡ್ಬೇಕು ಅಂತ ಕೇಳು, ನಾನೇ ಹೇಳ್ತೀನಿ."

ಪಕ್ಕದಲ್ಲಿದ್ದ ನರ್ಸು ಕಿಸಕ್ಕೆಂದಳು. ಒಳ್ಳೆಯ ಹುಡುಗ, ಮುನಿಸಿಕೊಳ್ಳಲಿಲ್ಲ. ನೆಟ್ಟಗೆ ನಿಂತು ಮೊದಲಿನಿಂದ ಕೇಳಿದರು. ನಾನು ಹೆಸರು, ಊರು, ಯಾವ ಮಂಡಿ, ಏನು ಆಪರೇಷನ್ ಎಲ್ಲವನ್ನೂ ಬಾಯ್ತುಂಬ ಹೇಳಿದೆ. ಪೆನ್ನು ಈಸಿಕೊಂಡು ಎಡ ಮಂಡಿಯ ಮೇಲೆ ನಾನೇ ಒಂದು ಸೊನ್ನೆ ಸುತ್ತಿದೆ. ಬಣ್ಣ ತಣ್ಣಗೆ ಹತ್ತಿತು. ನೀನೀಗ ನಂಗೊಂದು ವಡೆ ಕೊಡಿಸ್ಬೇಕು ಅಂದಾಗ ಮಾತ್ರ ಅವರಿಗೆ ಗಾಬರಿಯಾಯಿತು. ಆಪರೇಷನ್ ಮುಗಿಯೋವರೆಗೂ ನೀರು ಕೂಡ ಕುಡಿಯೋ ಹಾಗಿಲ್ಲ ಅಮ್ಮ ಎಂದು ಕಟ್ಟುನಿಟ್ಟಾಗಿ ಹೇಳಿದರು. ನಗು ಬಂತು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರೂ ಬಂತು.

ಅವರು ಪೆನ್ನಿನ ಮುಚ್ಚಳ ಹಾಕಿ ನನ್ನ ಕೈ ಹಿಡಿದುಕೊಂಡರು. "ಭಯ ಆಗ್ತಿದೆಯಾ ಅಮ್ಮ?" ಎಂದು ಕೇಳಿದರು.

ಭಯವಾಗಿರಲಿಲ್ಲ. ತಿದ್ದಬಹುದಿತ್ತು, ಯಾಕೆ ಅಳು ಅಂತ ಕೇಳಪ್ಪ ಅನ್ನಬಹುದಿತ್ತು. ಆದರೆ ಅವರು ಕೇಳಿದರೆ ಎಲ್ಲಿಂದ ಶುರು ಮಾಡಿ ಹೇಳಲಿ?

"ಹೂಂ," ಅಂದೆ.